ಷಡ್ಡಕನ ಅಗಲ ಪರದೆ

ಮೇಲಿನ ಮಹಡಿಯ ಷಡ್ಡಕ ಮಾರಗಲದ ಮಾನಿಟರ್ ತಂದು, ಸೆಕೆಂಡಿಗೆ ನೂರರವತ್ತೈದು ಚಿತ್ರ ತೋರಿಸುತ್ತದೆಂದು ಮೆಟ್ಟಿಲ ಮೇಲೆಲ್ಲ ಸಾರಿದ ದಿನದಿಂದ ಕನ್ನಡಕದಂಗಡಿಯವನಿಗೆ ಊಟ ರುಚಿಸುತ್ತಿರಲಿಲ್ಲ. ದಿನವಿಡೀ ಊರವರ ಕಣ್ಣು ಪರೀಕ್ಷಿಸುವ ಅವನ ಕಣ್ಣು ಮಾತ್ರ ಸದಾ ಷಡ್ಡಕನ ಮನೆಯ ಮೇಲೆ.

ಮಾನಿಟರ್ ಹೋಗಲಿ ಎಂದರೆ ಮಾವನೂ ಷಡ್ಡಕನ ಪಾಲಾದರು. ನಿವೃತ್ತ ಬಸ್ ಡ್ರೈವರ್. ಕಿರಿಮಗಳ, ಅಂದರೆ ಇವನ ಮನೆಯಲ್ಲಿರೋಣವೆಂದು ಬಂದವರು ಹಲ್ಲುಜ್ಜಿದ ಕೂಡಲೇ ಮೇಲೆ ಹತ್ತಿ, ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಆಟಕ್ಕೆ ಕೂತರೆ ಇಳಿಯುತ್ತಿದ್ದುದು ಮಲಗುವುದಕ್ಕೆ ಮಾತ್ರ.

"ಭಾವನ ಮನೇಲಿ ಬಸ್ಸು ನೀರಿನ ಹಾಗೆ ಹೋಗುತ್ತಂತೆ. ಅಪ್ಪಂಗೆ ಎಷ್ಟು ಖುಷಿ ನೋಡಿ," ಎಂದಳು ಹೆಂಡತಿ.

ಮದುವೆಯಾದಾಗಿನಿಂದ ಮಾವ ಅವನನ್ನು ಒಮ್ಮೆಯೂ ಹೊಗಳಿದವರಲ್ಲ. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು? ಭಾನುವಾರ ಬೆಳಗ್ಗೆಯೇ ಹೋಗಿ, ಷಡ್ಡಕನದಕ್ಕಿಂತ ಒಂದು ಗೇಣು ಹೆಚ್ಚು ಅಗಲದ ಮಾನಿಟರ್ ಹೊತ್ತು ತಂದ. ಅದಕ್ಕೆ ಜಾಗ ಸಾಲದೆ ಹೆಂಡತಿಯ ಹೊಲಿಗೆ ಮೆಷಿನ್ ಬಾಲ್ಕನಿ ಸೇರಿತು. ತನ್ನ ಹಳೇ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಮಾವನನ್ನು ಕೈಹಿಡಿದು ಕರೆತಂದು ಕೂರಿಸಿದ.

ಬಸ್ಸು ಹೊರಟಿತು, ನಿಂತಿತು, ಆಮೇಲೆ ಇದ್ದಕ್ಕಿದ್ದಂತೆ ಮುಂದಿನ ಕಂಬದ ಪಕ್ಕ ಪ್ರತ್ಯಕ್ಷವಾಯಿತು. ಕಂಪ್ಯೂಟರ್ ಡಬ್ಬಿಯೊಳಗಿಂದ ಹಿಟ್ಟಿನ ಗಿರಣಿಯ ಸದ್ದು. ಎದುರುಮನೆ ಟೀಚರ್ ಬಾಗಿಲಲ್ಲಿ ಇಣುಕಿ, "ಮಿಕ್ಸಿ ಸುಟ್ಟುಹೋಯ್ತಾ?" ಎಂದು ವಿಚಾರಿಸಿದರು.

ಮಾವ ಎದ್ದರು. "ಅಳಿಯಂದಿರೇ, ಇಂಥ ಗಾಡೀನ ನಾನಾಗಿದ್ರೆ ಡಿಪೋದಿಂದ ಹೊರಗೇ ತೆಗೀತಿರಲಿಲ್ಲ." ಇಷ್ಟು ಹೇಳಿ ಮತ್ತೆ ಮೇಲೆ ಹತ್ತಿದರು.

ಕನ್ನಡಕದವನು ಡಬ್ಬಿಯನ್ನು ತಬ್ಬಿಕೊಂಡು ರಿಪೇರಿಯವನ ಹತ್ತಿರ ಓಡಿದ. ರಿಪೇರಿಯವನು ಮುಚ್ಚಳ ತೆಗೆದು ಊದಿದ, ಇಬ್ಬರೂ ಸೀನಿದರು.

"ಸಾರ್, ಚಿತ್ರ ಮೂಡಿಸೋ ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಯ್ತು. ನೀವು ಹೇಳೋ ಅಗಲದ ಸ್ಕ್ರೀನು ಸೆಕೆಂಡಿಗೆ ನೂರರವತ್ತೈದು ಚಿತ್ರ ಕೇಳುತ್ತೆ. ಇದು ಪಾಪ, ಮೂವತ್ತು ಕೊಡೋಕೇ ಏದುಸಿರು ಬಿಡ್ತಿದೆ."

"ಹೊಸ ಕಾರ್ಡ್ ಹಾಕು."

"ಈ ಡಬ್ಬೀಲಿ ಕೂರಲ್ಲ. ಡಬ್ಬಿ ಬದಲಾಯಿಸಿದ್ರೆ ಪವರ್ ಸಪ್ಲೈ ಸಾಲಲ್ಲ. ಅದನ್ನೂ ಬದಲಾಯಿಸಿದ್ರೆ..."

"ಸಾಕು ಮಾರಾಯ! ನಮ್ಮ ಭಾವಂಗೆ ಎಲ್ಲ ಸರಿಯಾಗಿ ಹಾಕ್ಕೊಟ್ಟಿದ್ದೀಯಲ್ಲ?"

"ಕಾರ್ಡ್ ಅಷ್ಟೇ ಹಾಕಿದ್ದು ಸಾರ್. ಸ್ಕ್ರೀನ್ ಅವರೇ ಜೋಡಿಸ್ಕೊಂಡ್ರು. ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸದಿದ್ರೆ ಅರವತ್ತರಲ್ಲೇ ಇರುತ್ತೆ. ಬಹಳ ಜನಕ್ಕೆ ಗೊತ್ತೇ ಇರಲ್ಲ."

ಅರವತ್ತು! ಕನ್ನಡಕದವನ ಹೊಟ್ಟೆ ತಣ್ಣಗಾಯಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿಬಂದು, ಷಡ್ಡಕನ ಮನೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ.

ಮಾವ ಬಸ್ ಓಡಿಸುತ್ತಿದ್ದರು. ಹೆಂಡತಿ, ಅವಳಕ್ಕ, ಷಡ್ಡಕ, ಯಾವಾಗ ಬಂದರೋ ಆ ಟೀಚರ್ ಕೂಡ, ಪ್ರಯಾಣಿಕರಂತೆ ಹಿಂದೆ ಸಾಲಾಗಿ ಕೂತಿದ್ದರು.

"ಮಾವ, ಒಂಚೂರು ಗಾಡಿ ನಿಲ್ಲಿಸಿ." ಮೌಸ್ ಕಿತ್ತುಕೊಂಡು ಸೆಟ್ಟಿಂಗ್ಸ್ ತೆರೆದ. ಇತ್ತು, ಅರವತ್ತೇ ಇತ್ತು! "ನೋಡಿ, ಎಲ್ಲರೂ ನೋಡಿ! ನೂರರವತ್ತೈದು ಅಂತ ಜಂಬ ಕೊಚ್ಚಿದ್ದೇ ಬಂತು. ಭಾವಂದು ಇಷ್ಟು ದಿನ ಓಡಿದ್ದು ಬರೀ ಅರವತ್ತರಲ್ಲಿ!"

ಷಡ್ಡಕನ ಮುಖ ಹುಳ್ಳಗಾಯಿತು. ಕನ್ನಡಕದವನಿಗೆ ಅಲ್ಲೇ ಕುಣಿದುಬಿಡೋಣವೆನ್ನಿಸಿತು.

"ಹಾಗಾದ್ರೆ ನೂರರವತ್ತೈದು ಎಲ್ಲಿರುತ್ತಪ್ಪ?" ಎಂದರು ಟೀಚರ್.

"ಇಲ್ಲಿ! ಹೀಗೆ ಒತ್ತಬೇಕು. ಅಷ್ಟೂ ಗೊತ್ತಿಲ್ಲ ಇವರಿಗೆ!" ಎನ್ನುತ್ತ ಒತ್ತಿಯೇಬಿಟ್ಟ.

ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಮಾವ ಗೇರ್ ಹಾಕಿದರು. ಬಸ್ಸು ತಿರುವಿನಲ್ಲಿ ಹಾಗೇ ತೇಲಿಹೋಯಿತು. ರಸ್ತೆಬದಿಯ ಮರಗಳ ಎಲೆ ಎಲೆಯೂ ಕಾಣುತ್ತಿತ್ತು. ಪ್ರಯಾಣಿಕರೆಲ್ಲ "ಆಹಾ!" ಎಂದರು.

"ಹೊಸ ಗಾಡಿಯೇ ಆಗೋಯ್ತಲ್ಲ!" ಮಾವ ಮೇಜು ತಟ್ಟಿದರು. "ಏನೇ ಹೇಳಿ, ಕಿರಿ ಅಳಿಯ ಬಹಳ ಬುದ್ಧಿವಂತ."

ವರ್ಷಗಟ್ಟಲೆ ಕಾದ ಮಾತು. ಅವನು ಅದನ್ನು ಸವಿಯುವಷ್ಟರಲ್ಲಿ ಮಾವ ಕಿರಿಮಗಳ ಕಡೆ ತಿರುಗಿದರು. "ನನ್ನ ಬ್ಯಾಗು, ಹಾಸಿಗೆ ಮೇಲಕ್ಕೆ ಕಳಿಸಿಬಿಡಮ್ಮ. ಇನ್ಮೇಲೆ ನಾನು ಇಲ್ಲೇ."

ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು. "ಹೋಗಿ, ನೀವೇ ತನ್ನಿ. ನಮ್ಮದು ಸರಿ ಮಾಡೋಕೆ ಬರದಿದ್ರೂ ಅವರದ್ದು ಮಾಡೋಕೆ ಬರುತ್ತಲ್ಲ ನಿಮಗೆ!"

"ಬರೋವಾಗ ನಿನ್ನ ಸ್ಕ್ರೀನೂ ತಂದುಬಿಡಪ್ಪ," ಷಡ್ಡಕ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ. "ನಿನ್ನ ಹಳೇ ಕಾರ್ಡಿಗೆ ಅದು ಭಾರ. ಇಲ್ಲಿ ಪಕ್ಕದಲ್ಲಿಟ್ರೆ ಮಾವಂಗೆ ಬಸ್ಸಿನ ಪಕ್ಕದ ಕಿಟಕಿಯ ಆಚೆಯೂ ಕಾಣುತ್ತೆ."

ಕನ್ನಡಕದವನು ಏನೋ ಹೇಳಲು ಬಾಯಿ ತೆರೆದ. ಮಾವ ಜೋರಾಗಿ ಹಾರ್ನ್ ಹೊಡೆದರು.

"ಅಳಿಯಂದಿರೇ, ಸ್ವಲ್ಪ ಪಕ್ಕಕ್ಕೆ ಬನ್ನಿ. ರಸ್ತೆಗೆ ಅಡ್ಡ ನಿಂತಿದ್ದೀರಿ."