ಸ್ಪ್ಯಾನಿಷ್ ಕ್ರಿಯಾಪದವೂ ನನ್ನ ಊಟದ ಡಬ್ಬಿಯೂ

ನಮ್ಮ ಮನೆಯಲ್ಲಿ ಬುದ್ಧಿವಂತ ನಾನೇ ಎಂಬ ಭ್ರಮೆಯನ್ನು ಬಹಳ ವರ್ಷ ಜೋಪಾನವಾಗಿ ಸಾಕಿಕೊಂಡು ಬಂದವನು ನಾನು. ಅದು ಕೈಬಿಟ್ಟು ಹೋದದ್ದು ಇಲ್ಲಿ ಕೊಲ್ಲಿ ದೇಶದಲ್ಲಿ, ಅಲ್ ವುಕೈರ್‌ನ ನಮ್ಮ ಫ್ಲಾಟಿನ ಎದುರು ಮನೆಯ ಪಿಲಾರ್‌ಳಿಂದ. ಆಕೆ ಕೊಲಂಬಿಯಾದವಳು, ಮಾತು ಸ್ಪ್ಯಾನಿಷ್, ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಹೆಂಡತಿ ಸುಮಾಗೆ ಸ್ಪ್ಯಾನಿಷ್ ಸೊನ್ನೆ. ಆದರೂ ಮೂರು ವರ್ಷ ಇಬ್ಬರ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡಿಕೊಂಡಿತ್ತು. ಇಲ್ಲಿಂದ ಬಿಸಿಬೇಳೆಬಾತ್ ಹೋದರೆ ಅಲ್ಲಿಂದ ಮೆಕ್ಕೆಜೋಳದ ದಪ್ಪ ರೊಟ್ಟಿ ಬರುತ್ತಿತ್ತು. ಖಾಲಿ ಡಬ್ಬಿ ವಾಪಸು ಕೊಡಬಾರದೆಂಬ ನಮ್ಮ ಮೈಸೂರಿನ ಕಾನೂನನ್ನು ಸುಮಾ ಕೈಸನ್ನೆಯಲ್ಲೇ ಕಲಿಸಿದ್ದಳು. ಅಂದಹಾಗೆ ಅದು ನನ್ನ ಊಟದ ಡಬ್ಬಿ. ಅದು ಎದುರು ಮನೆಯಲ್ಲಿದ್ದ ದಿನ ನನಗೆ ಆಫೀಸ್ ಕ್ಯಾಂಟೀನಿನ ಸ್ಯಾಂಡ್‌ವಿಚ್ಚೇ ಗತಿ.

ಹೋದ ತಿಂಗಳು ಪಿಲಾರ್‌ಳ ಗಂಡನ ಕಾಂಟ್ರ್ಯಾಕ್ಟ್ ಖಲಾಸ್ ಆಗಿ, ಅವರು ಊರಿಗೆ ಹೊರಡುವುದೆಂದಾಯಿತು. ಸುಮಾ ಮಂಕಾದಳು. "ರೀ, ತಿರುಗಿ ಬಾ ಅಂತ ಒಂದು ಮಾತು ಅವಳ ಭಾಷೇಲೇ ಹೇಳ್ಬೇಕು ಕಣ್ರೀ" ಅಂದಳು. ಸಿಕ್ಕಿತಲ್ಲ ಮೇಷ್ಟ್ರಾಗುವ ಅವಕಾಶ! ಫೋನಿನಲ್ಲಿ ಹುಡುಕಿದೆ. ನೀನು ಹಿಂದಿರುಗುತ್ತೀಯ ಎನ್ನಲು 'ರೆಗ್ರೆಸಾಸ್'. ಹಿಂದಿರುಗಲಿ ಎಂದು ಆಸೆಪಡುವಾಗ 'ಎಸ್ಪೆರೊ ಕೆ ರೆಗ್ರೆಸೆಸ್'. ನಾನು, ನೀನು, ಅವಳು, ನಾವು, ನೀವು, ಅವರು ಎಂದು ಆರೂ ರೂಪಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿ, ಕಾರಿನಲ್ಲಿ ಮಗ್ಗಿಯಂತೆ ಉರುಹೊಡೆದೆ.

ಸುಮಾ ಹುರುಳಿಕಾಯಿ ಹೆಚ್ಚುತ್ತಾ ಒಮ್ಮೆ ಆ ಚೀಟಿ ನೋಡಿದಳು. "ನಮ್ಮಲ್ಲೂ ಹೀಗೇ ಅಲ್ವಾ? ಬರ್ತಾಳೆ ಅನ್ನೋದು ಬೇರೆ, ಬರಲಿ ಅನ್ನೋದು ಬೇರೆ. ನಂಗೆ ಹೇಳ್ಬೇಕಾಗಿರೋದು ಒಬ್ಬಳಿಗೆ. ಒಂದು ಸಾಕು. ಉಳಿದ ಐದು ನೀವೇ ಇಟ್ಕೊಳ್ಳಿ." ನಾನು ಮೂರು ದಿನ ಒದ್ದಾಡಿದ್ದನ್ನು ಅವಳು ಒಗ್ಗರಣೆ ಸಿಡಿಯುವಷ್ಟರಲ್ಲಿ ಮುಗಿಸಿದ್ದಳು. ನಿಜಕ್ಕೂ ಹೆಮ್ಮೆಯಾಯಿತು; ಆದರೂ ಉರುಹೊಡೆಯುವುದನ್ನು ಬಿಡಲಿಲ್ಲ.

ಹೊರಡುವ ಬೆಳಿಗ್ಗೆ ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಮುಂದೆ ಹೋದೆ. ಬಾಯಿಂದ ಬಂದದ್ದು "ರೆಗ್ರೆಸೆ, ರೆಗ್ರೆಸೆಸ್, ರೆಗ್ರೆಸೆ, ರೆಗ್ರೆಸೆಮೊಸ್..." ಪಿಲಾರ್ ಪಾಪ, ಮರ್ಯಾದೆಗೆ ತಲೆಯಾಡಿಸಿದಳು. ಸುಮಾ ನನ್ನನ್ನು ಪಕ್ಕಕ್ಕೆ ಸರಿಸಿ, ಅವಳ ಹಣೆಗೆ ಕುಂಕುಮವಿಟ್ಟು, ಕೊಬ್ಬರಿ ಮಿಠಾಯಿ ತುಂಬಿದ ಡಬ್ಬಿಯನ್ನು ಕೈಗಿತ್ತು, ಮೆಲ್ಲಗೆ "ಎಸ್ಪೆರೊ ಕೆ ರೆಗ್ರೆಸೆಸ್" ಅಂದಳು. ಪಿಲಾರ್ ಮಿಠಾಯಿಯನ್ನು ಚೀಲಕ್ಕೆ ಸುರಿದುಕೊಂಡು ಡಬ್ಬಿ ಹಿಂದಿರುಗಿಸಲು ಹೋದಳು. ಸುಮಾ ತಲೆಯಲ್ಲಾಡಿಸಿ ಕೈಸನ್ನೆ ಮಾಡಿದಳು: ಖಾಲಿ ಕೊಡೋ ಹಾಗಿಲ್ಲ. ಪಿಲಾರ್‌ಗೆ ಅರ್ಥವಾಯಿತು. ಡಬ್ಬಿಯನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ "ನನ್ನ ಡಬ್ಬಿ?" ಅಂದೆ.

"ತುಂಬಿಸಿಕೊಂಡು ತರ್ತಾಳೆ, ಬಿಡಿ."

ಈಗ ನನ್ನ ಮೊಸರನ್ನ ಐಸ್‌ಕ್ರೀಮಿನ ಹಳೇ ಪ್ಲಾಸ್ಟಿಕ್ ಡಬ್ಬದಲ್ಲಿ ಆಫೀಸಿಗೆ ಬರುತ್ತದೆ. ಅದರ ಮುಚ್ಚಳ ಬ್ಯಾಗಿನೊಳಗೇ ಕಳಚಿಕೊಳ್ಳುತ್ತದೆ. ಪ್ರತಿ ಮಧ್ಯಾಹ್ನ ಲ್ಯಾಪ್‌ಟಾಪಿನ ಮೇಲಿನ ಮೊಸರು ಒರೆಸುತ್ತಾ, ಒಂದಕ್ಷರವೂ ತಪ್ಪದೆ, ಮನಸಾರೆ ಹೇಳುತ್ತೇನೆ: ಎಸ್ಪೆರೊ ಕೆ ರೆಗ್ರೆಸೆಸ್. ಪಿಲಾರ್‌ಗೋ ಡಬ್ಬಿಗೋ ಎಂದು ಮಾತ್ರ ಸುಮಾ ಮುಂದೆ ಕೇಳಬೇಡಿ.