ಕಂಬಳಿಯೊಳಗಿನ ಡಾಕ್ಟ್ರಮ್ಮ

ಮಾತೇ ಆಡದೋರಿಗೆ ಮಾನ ಹೋಗೋ ಪ್ರಸಂಗ ಬರಲ್ಲ ಅಂತ ನಾನು ಅಂದ್ಕೊಂಡಿದ್ದೆ. ನಂಗೆ ತಿಂಗಳಿಗೊಂದಾದ್ರೂ ಬತ್ತಾನೇ ಐತೆ. ಇದುವರ್ಗೂ ಯಾರ್ಗೂ ಹೇಳಿಲ್ಲ. ಹೇಳಕ್ಕೆ ಬಾಯಿ ಬೇಕಲ್ಲ.

ನಾನು ಇಂಟರ್ ಎರಡನೇ ವರ್ಷ, ಕರ್ನಾಟಕದಲ್ಲಿ ಪಿಯುಸಿ ಅಂತಾರಲ್ಲ, ಅದು. ಊರು ಆಂಧ್ರದ ಗಡೀಲಿ, ಪರಿಗಿ ಹತ್ರ, ಕಾಲೇಜು ಹಿಂದೂಪುರ. ನಾಲ್ಕು ಜನ ಇರೋ ಕಡೆ ಹೆಸರು ಹೇಳು ಅಂದ್ರೂ ಗಂಟ್ಲು ಕಟ್ಕೊಂಡ್ಬಿಡ್ತೈತೆ. ಪುಸ್ತಕ ಕೊಟ್ರೆ ಎಷ್ಟಾದ್ರೂ ಓದ್ತೀನಿ. ಇದು ಗೊತ್ತಿದ್ದೇ, ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಟ್ಟಿದ್ದ ಮೇಡಂ ರಿಟೈರಾದ್ಮೇಲೆ ನಂಗೊಂದು ಕೆಲಸ ಹಚ್ಚಿದ್ರು. ಅವರು ಡಾಕ್ಟರು, ಪ್ರೊಫೆಸರು ಇಂಥೋರ ಹತ್ರ ಸಣ್ಣ ಸಣ್ಣ ಮಾತು ಬರೆಸ್ಕೊಂಡು ಬತ್ತಾರೆ. ಇಂಗ್ಲಿಷಲ್ಲೋ ತೆಲುಗಲ್ಲೋ ಇರ್ತೈತೆ. ನಾನು ಅದನ್ನ ಕನ್ನಡ ಮಾಡಿ, ಓದಿ, ರೆಕಾರ್ಡ್ ಮಾಡಿ ಕಳಿಸ್ಬೇಕು. ಮೇಡಂ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಐದೇ ನಿಮಿಷ. "ಐದರ ಮೇಲೆ ಒಂದು ಸೆಕೆಂಡ್ ಹೋದ್ರೂ ಜನ ಮುಟ್ಟಲ್ಲ ಪಾಪ" ಅಂತಾರೆ. ಪಾಪ ಅಂದ್ರೆ ನಮ್ಮ ಕಡೆ ಹುಡುಗಿ.

ಬರೆದೋರು "ನಾನು" ಅಂದಿದ್ರೆ ನಾನೂ "ನಾನು" ಅಂತಲೇ ಓದೋದು. ಹಂಗಾಗಿ ಒಂದು ವಾರ ನಾನು ಮೂವತ್ತು ವರ್ಷ ಸರ್ವೀಸಾದ ಡಾಕ್ಟರು, ಇನ್ನೊಂದು ವಾರ ಸಮಾಜಶಾಸ್ತ್ರದ ಪ್ರೊಫೆಸರು. ಬರೆದೋರು ಯಾರು, ಓದಿದೋರು ಬೇರೆ ಅಂತೆಲ್ಲ ಮೇಡಂ ಕೆಳಗಡೆ ಟೈಪ್ ಮಾಡ್ತಾರೆ. ಅದನ್ನ ಯಾರೂ ನೋಡಲ್ಲ.

ಹೊರಗಿನ ಸದ್ದು ಬರಬಾರ್ದು ಅಂತ ತಲೆ ತುಂಬ ಕಂಬಳಿ ಹೊದ್ಕೊಂಡು ಓದ್ತೀನಿ. ಆ ಕಂಬಳಿ ಒಳಗೆ ನನ್ನ ಗಂಟ್ಲು ದಪ್ಪಗೆ, ಗಂಭೀರವಾಗಿ ಆಗ್ಬಿಡ್ತೈತೆ, ನಂಗೇ ಗುರ್ತು ಸಿಗಲ್ಲ. ಮನೇಲಿ ಪಾಠ ಬಾಯಿಪಾಠ ಮಾಡ್ತಾವ್ಳೆ ಅಂದ್ಕೊಂಡವ್ರೆ. ಮೇಡಂ ಬಿಟ್ರೆ ಯಾರ್ಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಭೂಮಿ ಮೇಲೆ ನಾನು ಮಾತಾಡೋ ಜಾಗ ಇರೋದು ಅದೊಂದೇ. ಜನಕ್ಕೆ ತಿಳಿದ ದಿನ ಅಲ್ಲೂ ಗಂಟ್ಲು ಕಟ್ಟೋಯ್ತೈತೆ.

ಗುಂಡಿಗೆ

ಹೃದಯ ಹೆಂಗೆ ಕೆಲಸ ಮಾಡ್ತೈತೆ ಅನ್ನೋದು ಆ ವಾರದ ಮಾತು. ಹುಣಸೆಹಣ್ಣಿನ ಕಾಲ ಬೇರೆ. ನಮ್ಮ ಕಡೆ ಆಗ ಹೆಂಗಸ್ರು ಮನೆಮನೇಲೂ ಕೂತು ಹಣ್ಣು ಕುಟ್ಟಿ ಬೀಜ ತೆಗೀತಾರೆ. ಪಕ್ಕದ ರೂಮಲ್ಲಿ ಅಮ್ಮ, ಅತ್ತೆ ಇಬ್ರೂ ಕುಟ್ತಾ ಇದ್ರು. ದಬ್ ದಬ್, ದಬ್ ದಬ್. ಕಂಬಳಿ ಐತಲ್ಲ ಅಂತ ಧೈರ್ಯವಾಗಿ ಓದಿ, ತಿರುಗಿ ಕೇಳದೇನೇ ಕಳಿಸ್ಬುಟ್ಟೆ.

ಸಾಯಂಕಾಲ ಮೇಡಂ ಫೋನ್. "ಏನು ತಲೆ ಪಾಪ ನಿಂದು! ಮಾತಿನ ಹಿಂದೆ ಗುಂಡಿಗೆ ಬಡಿಯೋ ಸದ್ದು ಇಟ್ಟಿದೀಯಲ್ಲ! ಎಲ್ಲಿ ಸಿಕ್ತು ಅದು?"

"ನೆಟ್ಟಲ್ಲಿ ಮೇಡಂ" ಅಂದ್ಬುಟ್ಟೆ. ಮೊದಲ್ನೇ ಸುಳ್ಳು.

ಗ್ರೂಪಲ್ಲಿ ಎಲ್ರೂ ಚಪ್ಪಾಳೆ ಹಾಕಿದ್ದೇ ಹಾಕಿದ್ದು. ಆಮೇಲೆ ನಾನೂ ಕೇಳ್ದೆ. ಮೂರನೇ ನಿಮಿಷಕ್ಕೆ ಅತ್ತೆ ಕಾಫಿ ಕುಡಿಯಕ್ಕೆ ಎದ್ದವ್ರೆ, ಅಮ್ಮ ಒಬ್ರೇ ನಿಧಾನಕ್ಕೆ ಕುಟ್ಟವ್ರೆ. ಆಮೇಲೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಇಬ್ರೂ ಸೇರ್ಕೊಂಡು ಯಾರೋ ಅಟ್ಟಿಸ್ಕೊಂಡು ಬಂದಂಗೆ ಕುಟ್ಟವ್ರೆ.

ಗ್ರೂಪಲ್ಲಿದ್ದ ನಿಜವಾದ ಡಾಕ್ಟರೊಬ್ರು ಬರೆದಿದ್ರು: "ಮಾತು ಚೆನ್ನಾಗೈತೆ. ಆದ್ರೆ ಮೂರನೇ ನಿಮಿಷದಿಂದ ಈ ಪೇಷೆಂಟಿನ ಪರಿಸ್ಥಿತಿ ಚೆನ್ನಾಗಿಲ್ಲ. ದಯವಿಟ್ಟು ಬೇಗ ಅನಂತಪುರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ."

ಅಪ್ಪ

ಹದಿನಾರು ಹದಿನೇಳು ವಯಸ್ಸಿನೋರ ಕೈಲಿ ಮೊಬೈಲ್ ಇದ್ರೆ ಮೆದುಳಿಗೆ ಏನಾಗ್ತೈತೆ ಅಂತ ಒಂದು ಮಾತು ಓದಿದ್ದೆ. ಅದು ಊರೆಲ್ಲ ಸುತ್ತಿ ಅಪ್ಪನ ಫೋನಿಗೆ ಬಂತು. ಅಪ್ಪ ನನ್ನ ಮುಂದೆ ಕೂತು ಐದು ನಿಮಿಷಾನೂ ಕೇಳಿದ್ರು. ನಾನು ನೆಲ ನೋಡ್ತಾ ಕೂತಿದ್ದೆ.

"ಕೇಳಿದೇನಮ್ಮ? ಎಂಥಾ ಓದಿದೋರು! ಬಿಡಿಸಿ ಬಿಡಿಸಿ ಹೇಳವ್ರೆ. ತಾ ಇಲ್ಲಿ ಫೋನು" ಅಂತ ಕಿತ್ಕೊಂಡು ಬೀರುವಲ್ಲಿಟ್ಟು ಬೀಗ ಹಾಕ್ಬುಟ್ರು.

ಮುಂದಿನ ವಾರ ಮೇಡಂ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿ, "ಯಾಕೆ ಪಾಪ, ಈ ವಾರದ್ದು ಬರ್ಲಿಲ್ಲ?" ಅಂದ್ರು.

"ಹೋದ ವಾರದ್ದು ಚೆನ್ನಾಗಿ ಕೆಲಸ ಮಾಡ್ತು ಮೇಡಂ" ಅಂದೆ.

ಪರಿಗಿ ಬಸ್ಸು

ಅಪ್ಪ ಫೋನು ವಾಪಸ್ ಕೊಟ್ಮೇಲೆ ಒಂದಿನ ಬೆಳಿಗ್ಗೆ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಫೋನು ಜೋರಾಗಿ ಹಾಕ್ಕೊಂಡ್ಳು. ನಂದೇ ಗಂಟ್ಲು. ಮನೆ ಕೆಲಸದಲ್ಲಿ ಗಂಡಸರ ಪಾಲು ಎಷ್ಟಿರ್ಬೇಕು ಅಂತ ಪ್ರೊಫೆಸರಮ್ಮ ಹೇಳ್ತಾ ಅವ್ಳೆ.

ಹಿಂದಿನ ಸೀಟಿನ ಯಜಮಾನ್ರು, "ಆಪಮ್ಮಾ ತಲ್ಲಿ, ನಿಲ್ಸು ಅದನ್ನ, ಬೆಳಿಗ್ಗೆನೇ ಇವೆಲ್ಲ ಯಾಕೆ?" ಅಂದ್ರು.

"ಯಾಕೆ, ಒಂದು ತಟ್ಟೆ ತೊಳೆದ್ರೆ ನಿನ್ನ ಕೈ ಸವೆದೋಯ್ತೈತಾ?"

"ಮೊದ್ಲು ಆಯಮ್ಮಂಗೆ ಮದ್ವೆ ಆಗೈತಾ ಕೇಳು. ಮದ್ವೆ ಆಗಿದ್ರೆ ಹಿಂಗೆ ಮಾತಾಡ್ತಿರ್ಲಿಲ್ಲ."

"ಪ್ರೊಫೆಸರ್ ಆಗವ್ಳೆ, ಮದ್ವೆ ಆಗಿರಲ್ವಾ? ಗಂಟ್ಲು ಕೇಳಿದ್ರೆ ಗೊತ್ತಾಗಲ್ವಾ? ಮೊಮ್ಮಕ್ಕಳೂ ಇರ್ತಾರೆ!"

ಅರ್ಧ ಬಸ್ಸು ಆ ಕಡೆ, ಅರ್ಧ ಬಸ್ಸು ಈ ಕಡೆ. ಕಂಡಕ್ಟರ್ ಬಂದು, "ಟಿಕೆಟ್ಟು ತೀಸ್ಕೋಂಡಿ ಅಮ್ಮಾ ಮೊದ್ಲು, ಪಾತ್ರೆ ಹಿಂದೂಪುರದಲ್ಲಿ ಇಳಿದು ತೊಳೀರಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಎಕ್ಕಡಿಕಿ ಪಾಪಾ, ಎಲ್ಲಿಗೆ?" ಅಂತ ಕೇಳ್ದ. ಪಾಸೈತೆ ಅಂತ ಹೇಳಕ್ಕೆ ಹೋದೆ, ಸ್ವರಾನೇ ಬರ್ಲಿಲ್ಲ. ಬರೀ ಗಾಳಿ ಬಂತು.

ಪಕ್ಕದ ಹೆಂಗಸು ನನ್ನ ಮೇಲಿಂದ ಕೆಳಕ್ಕೆ ನೋಡಿ, "ಏನಮ್ಮಿ, ಪಾಸೈತೆ ಅನ್ನಕ್ಕೂ ಆಗಲ್ವಾ ನಿಂಗೆ? ತಗೋ, ಈಯಮ್ಮನ್ನ ಕೇಳು. ಹೆಣ್ಣಾಗಿ ಹುಟ್ಟಿದ್ಮೇಲೆ ಹಿಂಗೆ ಮಾತಾಡ್ಬೇಕು" ಅಂತ ಹಿಂದೂಪುರ ಬರೋವರ್ಗೂ ಫೋನು ನನ್ನ ಕಿವಿಗೆ ಒತ್ತಿ ಹಿಡ್ಕೊಂಡಿದ್ಳು.

ಕಲ್ಯಾಣದುರ್ಗ

ಇದು ಹೇಳಕ್ಕೆ ಈಗ್ಲೂ ನಾಚ್ಕೆ ಆಗ್ತೈತೆ.

ಅಮ್ಮನ ತವರು ಕಲ್ಯಾಣದುರ್ಗ. ರಜಾಕ್ಕೆ ಹೋಗಿದ್ದೆ. ಮಧ್ಯಾಹ್ನ ಅಜ್ಜಿ, ಅಕ್ಕಪಕ್ಕದ ಮೂರ್ನಾಲ್ಕು ಹೆಂಗಸ್ರು ಜಗಲಿ ಮೇಲೆ ಕೂತು ಅಜ್ಜಿ ಫೋನಲ್ಲಿ ನನ್ನ ಮಾತು ಕೇಳ್ತಾರೆ ಅಂತ ಅವತ್ತೇ ಗೊತ್ತಾಗಿದ್ದು. ಅವತ್ತು ತಿರ್ಗಾ ಹಾಕಿದ್ದು ಹೋದ ತಿಂಗಳ ಉಪ್ಪು, ಬಿ.ಪಿ. ಮಾತು. "ನಾನು ಮೂವತ್ತು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ" ಅಂತ ಫೋನೊಳಗಿನ ನಾನು ಶುರು ಮಾಡ್ದೆ. ಅಜ್ಜಿ ಫೋನಿಗೆ ಕೈ ಮುಗಿದ್ರು.

ನಂಗೆ ಒಳಗೊಳಗೇ ಖುಷಿ. ನೀರು ಕುಡಿಯಕ್ಕೆ ಅಂತ ಅಡುಗೆಮನೆಗೆ ಹೋದೆ. ಗೂಡಲ್ಲಿ ಅಜ್ಜಿ ಬಿ.ಪಿ. ಮಾತ್ರೆ. ಎರಡು ಶೀಟು, ಒಂದೂ ಕಿತ್ತಿಲ್ಲ. ಹಿಡ್ಕೊಂಡು ಜಗಲಿಗೆ ಬಂದೆ.

"ಅಜ್ಜಿ, ಮಾತ್ರೆ ತಗೋತಾ ಇಲ್ವಾ?"

"ಯಾಕೇ ಅದು? ಉಪ್ಪು ಕಮ್ಮಿ ಮಾಡಿದ್ರೆ ಬಿ.ಪಿ. ಇಳೀತೈತೆ ಅಂತ ಡಾಕ್ಟ್ರಮ್ಮನೇ ಹೇಳವ್ರಲ್ಲ. ಉಪ್ಪು ಕಮ್ಮಿ ಮಾಡಿವ್ನಿ. ಮಾತ್ರೆ ಬುಟ್ಟಿವ್ನಿ."

"ನಿಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ" ಅಂತ ಆ ಡಾಕ್ಟರು ಬರೆದಿದ್ರು. ಕೊನೇ ವಾಕ್ಯ. ರೆಕಾರ್ಡು ಐದು ನಿಮಿಷ ನಾಲ್ಕು ಸೆಕೆಂಡ್ ಬಂದಿತ್ತು. ಆ ನಾಲ್ಕು ಸೆಕೆಂಡು ನಾನೇ ಕತ್ತರಿಸಿದ್ದು.

"ಅಜ್ಜಿ, ಮಾತ್ರೆ ಬಿಡ್ಬಾರ್ದು. ಈಗ್ಲೇ ತಗೋ."

"ನೀನು ಡಾಕ್ಟರಾ?"

ಜಗಲಿ ಮೇಲೆ ಐದು ಜನ. ಬಚ್ಚಿಟ್ಕೊಂಡಿದ್ದೆಲ್ಲ ಹೋಗ್ಲಿ ಅಂತ ಕಣ್ಣು ಮುಚ್ಕೊಂಡು, "ಅದು ನಾನೇ ಅಜ್ಜಿ. ಫೋನಲ್ಲಿ ಮಾತಾಡೋದು ನಾನೇ" ಅಂದೆ.

ಎಲ್ರೂ ಒಂದೇ ಸಲ ನಕ್ಬುಟ್ರು. ಪಕ್ಕದ್ಮನೆಯಮ್ಮ ಕಣ್ಣೀರು ಒರೆಸ್ಕೊಂಡು, "ಎಲ್ಲಿ, ಒಂದ್ಸಲ ಮಾತಾಡು ನೋಡಾನ" ಅಂದ್ಳು. ನಿಂತ್ಕೊಂಡೆ. "ನಾನು ಮೂವತ್ತು..." ಅನ್ನೋಷ್ಟರಲ್ಲಿ ಗಂಟ್ಲು ಕಟ್ಟೋಯ್ತು.

"ಆಯಮ್ಮನ ಕಂಠ ಎಲ್ಲಿ, ಇದರ ಕೀಚ್ಲು ಎಲ್ಲಿ" ಅಂದ್ಳು ಪಕ್ಕದ್ಮನೆಯಮ್ಮ.

ನಾನು ಒಳಗೆ ಓಡಿ ಮೇಡಂಗೆ ಫೋನ್ ಮಾಡಿ ಎಲ್ಲಾ ಒಪ್ಪಿಸ್ದೆ, ಅಳ್ತಾ. ಮೇಡಂ, "ತಪ್ಪು ನಂದೂ ಐತೆ. ಬರೆದಿದ್ದನ್ನ ಪಕ್ಕದಲ್ಲಿಟ್ಕೊಂಡು ಕೇಳಿ ಹಾಕ್ಬೇಕಿತ್ತು. ಮೊದ್ಲು ಅದನ್ನ ಸರಿ ಮಾಡಿ ಕಳಿಸು" ಅಂದ್ರು.

ಬಿಸಿಲಿಗೆ ಉರೀತಾ ಇದ್ದ ಆ ರೂಮಲ್ಲಿ ಅಜ್ಜಿ ಕಂಬಳಿ ಹೊದ್ಕೊಂಡೆ. ಬೆವರು ಸುರೀತಾ ಓದ್ದೆ. "ಹಿಂದಿನ ಮಾತಿನಲ್ಲಿ ಒಂದು ಮುಖ್ಯ ವಾಕ್ಯ ಬಿಟ್ಟುಹೋಗಿದೆ. ಬಿಟ್ಟಿದ್ದು ಬರೆದ ಡಾಕ್ಟರಲ್ಲ, ಓದಿದ ನಾನು. ಕ್ಷಮಿಸಿ. ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದ್ದವರು ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿ."

ಸ್ವಲ್ಪ ಹೊತ್ತಿಗೆ ಜಗಲಿ ಮೇಲೆ ಫೋನು ಟಣ್ ಅಂತು. ಅಜ್ಜಿ ಕೇಳಿ, ಧಡಕ್ಕನೆ ಎದ್ದು ಸೆರಗು ಸರಿ ಮಾಡ್ಕೊಂಡು, "ನಡೀಯೇ ಆಸ್ಪತ್ರೆಗೆ, ಡಾಕ್ಟ್ರಮ್ಮ ಹೇಳವ್ರೆ" ಅಂದ್ರು. ಅಲ್ಲಿ ನೋಡಿದ್ರೆ ಬಿ.ಪಿ. ಏರಿತ್ತು. ನರ್ಸಮ್ಮ ಬೈದು, ಕೂರಿಸಿ, ಡಾಕ್ಟರ ಹತ್ರ ತೋರಿಸಿ, ಮಾತ್ರೆ ಶುರು ಮಾಡ್ಸಿ ಕಳಿಸಿದ್ರು. ಸರಿಹೋಯ್ತೈತೆ, ಹೆದ್ರಬೇಡ ಅಂದ್ರು. ವಾಪಸ್ ಬರೋವಾಗ ನಾನು ಅಜ್ಜಿ ಕೈ ಬಿಡಲೇ ಇಲ್ಲ. ಇದ್ಯಾಕೆ ಹಿಂಗೆ ಹಿಡ್ಕೊಂಡೈತೆ ಅಂತ ಅಜ್ಜಿಗೆ ಅರ್ಥ ಆಗ್ಲಿಲ್ಲ.

ಸಾಯಂಕಾಲ ಗ್ರೂಪಲ್ಲಿ ಒಂದು ವಾಯ್ಸ್ ಮೆಸೇಜು. ಅಜ್ಜೀದು. ಎಲ್ರಿಗೂ ಕೇಳೋ ಹಂಗೆ ಹಾಕವ್ರೆ:

"ಡಾಕ್ಟ್ರಮ್ಮಾ, ನಮಸ್ಕಾರ ತಾಯಿ. ನೀವು ಹೇಳ್ದಂಗೇ ಮಾತ್ರೆ ನುಂಗಿವ್ನಿ. ಇನ್ನೊಂದು ಮಾತು. ನಮ್ಮ ಮೊಮ್ಮಗ್ಳು ಒಬ್ಳವ್ಳೆ, ಪರಿಗಿ ಕಡೆಯೋಳು. ಒಳ್ಳೇ ಹುಡ್ಗಿ. ಓದಿ ಓದಿ ಏನಾಗೈತೋ, ಫೋನಲ್ಲಿ ಮಾತಾಡೋ ಡಾಕ್ಟ್ರಮ್ಮ ನಾನೇ ಅಂತಾವ್ಳೆ. ಈ ಬಿಸಿಲಲ್ಲಿ ಕಂಬಳಿ ಹೊದ್ಕೊಂಡು ಒಬ್ಳೇ ಗೊಣಗ್ತಾಳೆ. ಇದಕ್ಕೇನಾದ್ರೂ ಮಾತ್ರೆ ಇದ್ರೆ ಹೇಳಿ ತಾಯಿ. ಈ ಸಲ ನಾನು ನಿಲ್ಸಲ್ಲ."