ಒರೆಗೆ ಹಚ್ಚಿದ ಕಾರ್ಡು

ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಅದನ್ನು ಕೊನೆಗೆ ಮುಟ್ಟಿದವಳು ಹೆಂಡತಿಯೇ ಆಗಿರಬೇಕು ಎಂಬುದು ಅಶ್ವತ್ಥಪ್ಪನ ಅಚಲ ಸಿದ್ಧಾಂತ. ಮಿಕ್ಸಿ, ರೇಡಿಯೋ, ನೀರಿನ ಮೋಟಾರು (ಅದು ಪಕ್ಕದ ಮನೆಯವರದ್ದು, ಆದರೂ) ಎಲ್ಲಕ್ಕೂ ಗಂಗರತ್ನಮ್ಮನೇ ಹೊಣೆ. ಹಾಗಾಗಿ ಆ ಸೋಮವಾರ ಬೆಳಿಗ್ಗೆ ಹೊಸ ಕಂಪ್ಯೂಟರಿನ ಪರದೆ ಕಪ್ಪಗೆ ಕೂತು ‘ನೋ ಸಿಗ್ನಲ್’ ಎಂದಷ್ಟೇ ತೋರಿಸಿದಾಗ ಅವನು ತಡಮಾಡದೆ ತೀರ್ಪು ಕೊಟ್ಟ.

“ಕುಂಕುಮ ಇಕ್ಬ್ಯಾಡ ಅಂದ್ರೆ ಕೇಳ್ದಾ ನೀನು? ಈಗ ನೋಡು, ಒಳಕ್ಕೆ ಇಳ್ದೋಗದೆ.”

“ಕುಂಕುಮ ಇಟ್ಟಿದ್ದು ಮೂತಿಗೆ. ಒಟ್ಟೆ ಒಳಕ್ಕೆ ಎಂಗೋಗ್ತದ್ರೀ?”

ಗಂಗರತ್ನಮ್ಮನಿಗೆ ಜಗಳಕ್ಕೆ ಪುರುಸೊತ್ತಿರಲಿಲ್ಲ. ಹತ್ತು ಗಂಟೆಗೆ ಬಂಗಾರಪೇಟೆಯ ಆ ಮನೆಯ ಮುಂಗೋಣೆಯಲ್ಲಿ ಅವಳ ಕಂಪ್ಯೂಟರ್ ಕ್ಲಾಸು ಶುರುವಾಗಬೇಕಿತ್ತು. ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಓಡಾಡಿ, ಮಕ್ಕಳ ವಯಸ್ಸಿನವರ ಪಕ್ಕ ನಾಚಿಕೆ ಬಿಟ್ಟು ಕೂತು ಕಲಿತ ವಿದ್ಯೆ ಅದು. “ಈ ವಯಸ್ನಾಗೆ ನಮ್ಮತ್ತಿಗೆ ಮೇಡಮ್ಮು ಆಗ್ತಾಳಂತೆ” ಎಂದು ನಾದಿನಿ ಮುನಿನಾರಾಯಣಮ್ಮ ತನ್ನೂರು ಕಾಮಸಮುದ್ರದ ತುಂಬಾ ನಗಾಡಿದ್ದಳು. ಈಗ ಅದೇ ನಾದಿನಿ ಮಗಳನ್ನು ಕರೆದುಕೊಂಡು, ಸೇರಿಸುವುದೋ ಬಿಡುವುದೋ ಕಣ್ಣಾರೆ ನೋಡಿ ಹೇಳುತ್ತೇನೆಂದು ಬರುತ್ತಿದ್ದಳು. ಅವಳ ಮುಂದೆ ಕಪ್ಪು ಪರದೆ ತೋರಿಸುವಂತಿರಲಿಲ್ಲ.

ಅಶ್ವತ್ಥಪ್ಪ ಚಿಕಿತ್ಸೆಗಿಳಿದ. ಪರದೆಯ ಬೆನ್ನಿಗೆ ಎರಡು ಬಿಟ್ಟ. ವೈರು ಕಿತ್ತು ಊದಿದ. ಸಿಗ್ನಲ್ ಇಲ್ಲವೆಂದ ಮೇಲೆ ಆಂಟೆನಾದ್ದೇ ದೋಷವಿರಬೇಕೆಂದು ಮಾಳಿಗೆ ಹತ್ತಿ ಟಿವಿ ಆಂಟೆನಾ ತಿರುಗಿಸಿ ಬಂದ. ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ, ಟಿವಿಯಲ್ಲಿ ಬರುತ್ತಿದ್ದದ್ದೂ ಹೋಯಿತು.

ಇಷ್ಟೆಲ್ಲ ಶ್ರಮಪಟ್ಟರೂ ಪೆಟ್ಟಿಗೆಯ ಮುಚ್ಚಳದ ಹತ್ತಿರಕ್ಕೆ ಮಾತ್ರ ಅವನು ಸುಳಿಯಲಿಲ್ಲ. ಕಾರಣವಿತ್ತು. ಹಿಂದಿನ ದಿನ ಹೆಂಡತಿ ನಾಮಕರಣಕ್ಕೆ ಹೋಗಿದ್ದಾಗ, ಒಳಗೇನಿದೆ ನೋಡೋಣವೆಂದು ಅವನೇ ಅದನ್ನು ಬಿಚ್ಚಿದ್ದ. ಪರದೆಗೆ ಚಿತ್ರ ಕಳಿಸುವ ಕಾರ್ಡನ್ನು ಎಳೆದು ನೋಡಿದರೆ, ಅದರ ಅಂಚಿನುದ್ದಕ್ಕೂ ಹಲ್ಲು ಜೋಡಿಸಿದ ಹಾಗೆ ಬಂಗಾರದ ಗೆರೆಗಳು! ಬೇರೆ ಊರಿನವನಾಗಿದ್ದರೆ ‘ಹಳದಿ’ ಎಂದುಕೊಂಡು ಮುಚ್ಚಿಡುತ್ತಿದ್ದ. ಅಶ್ವತ್ಥಪ್ಪ ಚಿನ್ನದ ಗಣಿಯ ಊರಾದ ಕೋರಮಂಡಲಿನವನು. ಗಣಿಯಿಂದ ಬಂದ ಕಲ್ಲಿನಲ್ಲಿ ಚಿನ್ನ ಎಷ್ಟಿದೆಯೆಂದು ಪರೀಕ್ಷಿಸುವ ಆಫೀಸಿನಲ್ಲೇ ತಲೆ ನರೆಸಿಕೊಂಡವನು. ಅಪ್ಪನ ಕಾಲದ ಒರೆಗಲ್ಲು ತಂದು, ಕಾರ್ಡಿನ ಹಲ್ಲನ್ನು ಅದಕ್ಕೆ ಉಜ್ಜಿ, ಗೆರೆಯ ಬಣ್ಣ ಕಂಡು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಅದರ ಜಾಗದಲ್ಲೇ ಇಟ್ಟಿದ್ದ.

“ಸರಿಯಿರಿ, ಬಿಚ್ಚಿ ನೋಡ್ತೀನಿ” ಎಂದು ಗಂಗರತ್ನಮ್ಮ ಸ್ಕ್ರೂಡ್ರೈವರ್ ಹಿಡಿದಳು.

“ಬ್ಯಾಡ ಕಣೇ! ಕರೆಂಟ್ ಒಡೀತದೆ!”

“ಪ್ಲಗ್ಗು ಕಿತ್ತು ಅರ್ಧ ಗಂಟೆ ಆಯ್ತು.”

ಮುಚ್ಚಳ ತೆಗೆದರೆ ಕಾರ್ಡು ಒಂದು ಕಡೆ ಎದ್ದು ವಾಲಿಕೊಂಡಿತ್ತು. ಅದನ್ನು ಹಿಡಿದಿಡಬೇಕಾದ ಸ್ಕ್ರೂ ಮಾಯವಾಗಿತ್ತು. ಹಲ್ಲಿನ ಮೇಲೆ ಉಜ್ಜಿದ ಗೀರು. ಗಂಗರತ್ನಮ್ಮ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡಿದ. ಅವಳು ಬೈಯಲಿಲ್ಲ, ಕೂಗಲಿಲ್ಲ, ಕಾರ್ಡನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟಳಷ್ಟೇ.

“ಇದ್ರಾಗೆ ಬಂಗಾರ ಐತೆ ಅಂತ ಕ್ಲಾಸ್ನಾಗೆ ಏಳಿದ್ರು. ಬರೀ ಇತ್ತಾಳೆ ಅನ್ಸತ್ತೆ.”

“ಇತ್ತಾಳೆನಾ?” ಅಶ್ವತ್ಥಪ್ಪ ಎದ್ದೇ ನಿಂತ. “ಒರೆಗಲ್ಲಿಗೆ ಅಚ್ಚಿ ನೋಡಿದೀನಿ ಕಣೇ! ಅಸಲಿ ಬಂಗಾರ!”

ಗಂಗರತ್ನಮ್ಮನ ತುಟಿಯಲ್ಲಿ ನಗು ಬಂದು ತಡೆದುಕೊಂಡಿತು.

“ಯಾಕ್ರೀ ಅಂಗ್ ಮಾಡಿದ್ರಿ?”

“ಈಚೆಗೆ ನಮ್ ಆಫೀಸಿಗೆ ಬರೋದು ಬರೀ ಕಲ್ಲು ಕಣೇ. ಗಣಿ ಮುಚ್ತಾರೆ ಅಂತಾರೆ. ಬಂಗಾರ ಅಂದ್ರೆ ಎಂಗಿರ್ತದೆ ಅನ್ನೋದೇ ನನ್ ಕೈಗೆ ಮರ್ತೋಯ್ತೇನೋ ಅಂತ ಭಯ ಆಗಿತ್ತು.”

ಗಂಗರತ್ನಮ್ಮನಿಗೆ ಈಗ ಹೊಳೆಯಿತು. ತನಗೆ ಹೊಸ ವಿದ್ಯೆ ಕೈಹತ್ತುತ್ತಿದ್ದ ಹೊತ್ತಿನಲ್ಲೇ ಇವನ ಹಳೆಯ ವಿದ್ಯೆ ಕೈಬಿಡುತ್ತಿತ್ತು, ಒಂದೇ ಮನೆಯಲ್ಲಿದ್ದೂ ತಾನು ಅದನ್ನು ಗಮನಿಸಿರಲಿಲ್ಲ. ಅವಳು ಸೆರಗಿನಿಂದ ಹಲ್ಲು ಒರೆಸಿ ಕಾರ್ಡನ್ನು ಅದರ ಜಾಗಕ್ಕೆ ಕೂರಿಸಿದಳು.

“ಮೆಲ್ಲಗೆ ಕಣೇ, ಮೆಲ್ಲಗೆ! ಬಂಗಾರ ಅದು!”

“ನೀವು ಮೆಲ್ಲಗೆ ಇಟ್ಟಿದ್ಕೇ ಇಷ್ಟೆಲ್ಲ ಆಗಿದ್ದು” ಎಂದು ಹೆಬ್ಬೆರಳಲ್ಲಿ ಒತ್ತಿದಳು. ಟಕ್ಕೆಂದಿತು. ಪ್ಲಗ್ಗು ಹಾಕಿದರೆ ಪರದೆ ಬೆಳಗಿತು. ಅಷ್ಟರಲ್ಲಿ ಮಗಳೊಂದಿಗೆ ಮುನಿನಾರಾಯಣಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

“ಸ್ಕ್ರೂ ಎಲ್ರೀ? ಇಲ್ದಿದ್ರೆ ಕಾರ್ಡು ಮತ್ತೆ ಏಳ್ತದೆ.”

“ನಂಗೇನ್ ಗೊತ್ತು? ಇಟ್ಟ ಕಡೆನೇ ಇರ್ಬೇಕು.”

“ಕೈ ಮೇಲೆತ್ರಿ.”

ಕೋರಮಂಡಲಿನ ಗೇಟಿನಲ್ಲಿ ಡ್ಯೂಟಿ ಮುಗಿಸಿ ಬರುವವರೆಲ್ಲ ಕೈಯೆತ್ತಿ ನಿಂತು ಜೇಬು ತಡವಿಸಿಕೊಳ್ಳಬೇಕು. ಅಭ್ಯಾಸಬಲದಿಂದ ಅಶ್ವತ್ಥಪ್ಪನ ಕೈಗಳು ತಾವಾಗಿಯೇ ಮೇಲೆದ್ದವು. ಇಡೀ ಸರ್ವೀಸಿನಲ್ಲಿ ಯಾವ ಕಾವಲುಗಾರನಿಗೂ ಚಿನ್ನದ ಒಂದು ಕಣವೂ ಸಿಗದ ಆ ಜೇಬಿನಿಂದ ಗಂಗರತ್ನಮ್ಮ ಪುಟ್ಟ ಸ್ಕ್ರೂವೊಂದನ್ನು ಹೊರತೆಗೆದಳು.

ಮುನಿನಾರಾಯಣಮ್ಮ ಬೆಳಗುತ್ತಿದ್ದ ಪರದೆಯನ್ನು ನೋಡಿದಳು. ಅತ್ತಿಗೆಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದಳು. ಕೈಯೆತ್ತಿ ನಿಂತೇ ಇದ್ದ ಅಣ್ಣನನ್ನೂ ನೋಡಿದಳು.

“ಅತ್ತಿಗೇ, ನಮ್ ಉಡ್ಗೀನ ಇವತ್ತೇ ಸೇರಿಸ್ಕೋ” ಎಂದಳು. “ನಮ್ಮಣ್ಣನ್ನ ಮಾತ್ರ ಕ್ಲಾಸೊಳಕ್ಕೆ ಬಿಡಬ್ಯಾಡ.”